ಹಾಲುಹಲ್ಲು ಹೇಗೂ ಬೀಳ್ತದಲ್ವಾ? ಮೊದಲು ಮಗುವಿನ ತುಟಿ ಎತ್ತಿ ನೋಡಿ

ನನ್ನ ಮಗನಿಗೆ 2 ವರ್ಷ ತುಂಬುವ ಹೊತ್ತಿಗೆ ಮೇಲಿನ ಮುಂದಿನ ಹಲ್ಲುಗಳ ಬುಡದಲ್ಲಿ, ಒಸಡಿಗೆ ತಾಗಿಕೊಂಡು, ಸುಣ್ಣದಲ್ಲಿ ಎಳೆದ ಹಾಗೆ ಒಂದು ಬಿಳಿ ಗೆರೆ ಇತ್ತು. ಹಾಲಿನ ಕೆನೆ ಅಂಟಿಕೊಂಡಿದೆ ಅಂದುಕೊಂಡೆ. ಬಟ್ಟೆಯಲ್ಲಿ ಉಜ್ಜಿದೆ, ಹೋಗಲಿಲ್ಲ. ಇರಲಿ ಅಂತ ಬಿಟ್ಟೆ. ನಾಲ್ಕೈದು ತಿಂಗಳಲ್ಲಿ ಗೆರೆ ಕಂದು ಬಣ್ಣಕ್ಕೆ ತಿರುಗಿತು. "ಹಾಲುಹಲ್ಲಲ್ವಾ, ಹೇಗೂ ಬಿದ್ದು ಹೋಗ್ತದೆ" ಅಂದರು ಅತ್ತೆ. ತೋರಿಸಿದ ಕ್ಲಿನಿಕ್ಕಿನಲ್ಲಿಯೂ ಅದೇ ಮಾತು, 6 ವರ್ಷ ಆಗಲಿ, ಆಮೇಲೆ ನೋಡುವಾ ಅಂತ. 3 ತುಂಬುವ ಮೊದಲೇ ಒಂದು ರಾತ್ರಿ ಅವನ ಮೇಲ್ತುಟಿ ಊದಿಕೊಂಡು ಬಾವು ಮೂಗಿನ ಬುಡಕ್ಕೆ ಬಂತು. ಮೈ ಕೆಂಡದ ಹಾಗೆ ಸುಡುತ್ತಿತ್ತು. ಬೆಳಿಗ್ಗೆ ಮೊದಲ ಬಸ್ಸಿಗೆ ಮಂಗಳೂರಿಗೆ ಓಡಿದೆವು. ಎರಡು ಹಲ್ಲು ಕೀಳಬೇಕಾಯಿತು, ಎರಡಕ್ಕೆ ಬೇರಿನ ಚಿಕಿತ್ಸೆ ಆಯಿತು. ಆ ಜಾಗದಲ್ಲಿ ಹೊಸ ಹಲ್ಲು ಬರಲು 4 ವರ್ಷ ಹಿಡಿಯಿತು. ಅಷ್ಟು ದಿನವೂ ಅವನು ನಗುವಾಗ ಎಡಗೈ ಬಾಯಿಗೆ ಅಡ್ಡ ಹಿಡಿಯುತ್ತಿದ್ದ. ಈಗ ಪ್ಲಸ್ ಟು ಓದುತ್ತಿದ್ದಾನೆ, ಹಲ್ಲು ಚೆನ್ನಾಗಿದೆ. ಆದರೂ ಜೋರಾಗಿ ನಗು ಬಂದರೆ ಆ ಕೈ ಈಗಲೂ ಒಮ್ಮೊಮ್ಮೆ ಮೇಲೆ ಬರುತ್ತದೆ.

ಆ ಬಿಳಿ ಗೆರೆಯೇ ಹುಳುಕಿನ ಶುರು ಅಂತ ನನಗೆ ಗೊತ್ತಿರಲಿಲ್ಲ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಅಂಗನವಾಡಿಯಲ್ಲಿ ಟೀಚರ್. ಮಗನ ಸಂಗತಿ ಆದ ಮೇಲೆ ನಮ್ಮಲ್ಲಿಗೆ ಬರುವ ಪ್ರತಿ ಮಗುವಿನ ಬಾಯಿ ನೋಡುವುದು ನನಗೆ ಅಭ್ಯಾಸವಾಗಿದೆ. ನಮ್ಮ ಕಡೆಗೆ ಬರುವ ಆರೋಗ್ಯದ ಕಾಗದಗಳು ಹೆಚ್ಚಾಗಿ ಮಲಯಾಳದಲ್ಲಿ ಇರುತ್ತವೆ. ಮನೆಯಲ್ಲಿ ತುಳು ಆಡಿಕೊಂಡು ಕನ್ನಡ ಶಾಲೆಯಲ್ಲಿ ಓದಿದ ತಾಯಂದಿರಿಗೆ ಅದು ಓದಲು ಬರುವುದಿಲ್ಲ. ಅವರಿಗೆ ಬಾಯಲ್ಲಿ ಹೇಳಿ ಹೇಳಿ ರೂಢಿಯಾದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ತುಟಿ ಎತ್ತುವುದು ಹೇಗೆ

ತಿಂಗಳಿಗೆ ಒಂದು ಸಲ ಸಾಕು. ಹಗಲು ಹೊತ್ತು, ಜಗಲಿಯಲ್ಲಿ ಬೆಳಕಿಗೆ ಮುಖ ಮಾಡಿ ಕುಳಿತುಕೊಳ್ಳಿ. ಮಗುವನ್ನು ಅಂಗಾತ ಮಲಗಿಸಿ, ತಲೆ ನಿಮ್ಮ ತೊಡೆಯ ಮೇಲಿರಲಿ. ಮೇಲ್ತುಟಿಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಮೇಲಕ್ಕೆತ್ತಿ. ಹಲ್ಲು ಒಸಡಿಗೆ ಸೇರುವ ಕಡೆ ನೋಡಿ. ಸುಮ್ನೆ "ಈ" ಅನ್ನಿಸಿ ನೋಡಿದರೆ ಆ ಜಾಗ ಕಾಣುವುದೇ ಇಲ್ಲ, ತುಟಿ ಮುಚ್ಚಿರುತ್ತದೆ. ಒಂದು ತುಂಡು ಹತ್ತಿ ಬಟ್ಟೆಯಿಂದ ಹಲ್ಲನ್ನು ಒರೆಸಿ ಒಣಗಿಸಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ, ಯಾಕೆಂದರೆ ಎಂಜಲಿನ ಹೊಳಪಿನಲ್ಲಿ ಬಿಳಿ ಗೆರೆ ಅಡಗಿಕೊಳ್ಳುತ್ತದೆ.

ಆರೋಗ್ಯವಾದ ಹಾಲುಹಲ್ಲು ಒಂದೇ ಬಣ್ಣ, ಹೊಳಪು ಇರುತ್ತದೆ. ಸೀಮೆಸುಣ್ಣದ ಹಾಗೆ ಹೊಳಪಿಲ್ಲದ ಬಿಳಿ ಪಟ್ಟೆ ಕಂಡರೆ, ಒರೆಸಿದರೂ ಹೋಗದಿದ್ದರೆ, ಅದು ಹಲ್ಲಿನ ಮೇಲ್ಪದರದ ಸುಣ್ಣದಂಶ ಕರಗಲು ಶುರುವಾದ ಗುರುತು. ಆ ಹಂತದಲ್ಲಿ ಗುಂಡಿ ಇನ್ನೂ ಬಿದ್ದಿರುವುದಿಲ್ಲ. ಡ್ರಿಲ್ ಇಲ್ಲ, ಇಂಜೆಕ್ಷನ್ ಇಲ್ಲ, ಅದನ್ನು ಅಲ್ಲಿಗೇ ನಿಲ್ಲಿಸಬಹುದು. ದಂತ ವೈದ್ಯರು ಫ್ಲೋರೈಡ್ ವಾರ್ನಿಶ್ ಅಂತ ಒಂದು ಅಂಟಾದ ದ್ರವ ಹಚ್ಚುತ್ತಾರೆ, ಫ್ಲೋರೈಡ್ ಅಂದರೆ ಹಲ್ಲನ್ನು ಗಟ್ಟಿ ಮಾಡುವ ಒಂದು ಲವಣ. ಒಂದೆರಡು ನಿಮಿಷದ ಕೆಲಸ. ಕಂದು, ಕಪ್ಪು ಬಂದ ಮೇಲೆ, ಹಲ್ಲಿನ ತುಂಡು ಎದ್ದ ಮೇಲೆ ಮಾತು ಬೇರೆ. ಹಾಲುಹಲ್ಲಿನ ಗಟ್ಟಿ ಹೊದಿಕೆ ನಮ್ಮ ಹಲ್ಲಿಗಿಂತ ತುಂಬಾ ತೆಳು. ಒಳಗಿನ ನರ ಮೇಲಕ್ಕೆ ಹತ್ತಿರ. ಹಾಗಾಗಿ ನಮ್ಮಲ್ಲಿ ವರ್ಷಗಟ್ಟಲೆ ಹಿಡಿಯುವ ಹುಳುಕು ಮಕ್ಕಳಲ್ಲಿ ಕೆಲವೇ ತಿಂಗಳಲ್ಲಿ ನರ ಮುಟ್ಟುತ್ತದೆ.

"ಬೀಳುವ ಹಲ್ಲಿಗೆ ಯಾಕೆ ದುಡ್ಡು?"

ಈ ಮಾತು ನಾನು ಅತಿ ಹೆಚ್ಚು ಕೇಳುವುದು. ಬೀಳುವುದು ನಿಜ. ಯಾವಾಗ ಅನ್ನುವುದೇ ಪ್ರಶ್ನೆ. ಹಾಲುಹಲ್ಲು ಒಟ್ಟು 20. ಮುಂದಿನವು 6-7 ವರ್ಷಕ್ಕೆ ಬೀಳುತ್ತವೆ. ಹಿಂದಿನ ದವಡೆ ಹಲ್ಲುಗಳು 10ರಿಂದ 12 ವರ್ಷದವರೆಗೂ ಇರಬೇಕು. 4 ವರ್ಷದ ಮಗುವಿನ ದವಡೆ ಹಲ್ಲು ಹುಳುಕಾದರೆ, ಆ ಮಗು ಐದಾರನೇ ಕ್ಲಾಸಿಗೆ ಹೋಗುವ ತನಕ ಅದರಲ್ಲೇ ಅನ್ನ ಅಗಿಯಬೇಕು. ನೋವಿರುವ ಮಗು ಒಂದೇ ಬದಿಯಲ್ಲಿ ಅಗಿಯುತ್ತದೆ, ಅನ್ನ ಬಾಯಲ್ಲೇ ಇಟ್ಟುಕೊಂಡು ಕೂರುತ್ತದೆ. "ಇವನಿಗೆ ಊಟ ಅಂದರೆ ಆಗುವುದಿಲ್ಲ ಟೀಚರ್" ಅನ್ನುತ್ತಾರೆ. ಬಾಯಿ ತೆರೆಸಿ ನೋಡಿದರೆ ಎರಡೂ ಬದಿಯಲ್ಲಿ ಗುಂಡಿ. ಹಲ್ಲು ಸರಿ ಮಾಡಿಸಿದ ಮೇಲೆ ಅದೇ ಮಗು ಗಂಜಿ ಎರಡನೇ ಸಲ ಹಾಕಿಸಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು ವಿಷಯ ಇದೆ. ಹಾಲುಹಲ್ಲು ತನ್ನ ಕೆಳಗೆ ಬೆಳೆಯುತ್ತಿರುವ ಹಲ್ಲಿಗೆ ಜಾಗ ಹಿಡಿದುಕೊಂಡಿರುತ್ತದೆ. ದವಡೆ ಹಲ್ಲನ್ನು ಹೊತ್ತಿಗೆ ಮೊದಲೇ ಕಿತ್ತರೆ ಪಕ್ಕದ ಹಲ್ಲು ಖಾಲಿ ಜಾಗಕ್ಕೆ ಸರಿಯುತ್ತದೆ. ಆಮೇಲೆ ಬರುವ ಹಲ್ಲಿಗೆ ದಾರಿ ಇಲ್ಲದೆ ಅದು ಅಡ್ಡಾದಿಡ್ಡಿ ಬರುತ್ತದೆ. ಕೀಳಲೇಬೇಕಾಗಿ ಬಂದರೆ ಆ ಜಾಗ ಕಾಯಲು ಒಂದು ಸಣ್ಣ ತಂತಿ ಹಾಕುವ ಕ್ರಮ ಇದೆ, ಕೇಳಿ ಹಾಕಿಸಿಕೊಳ್ಳಿ.

6 ವರ್ಷದ ಹತ್ತಿರ ಕೊನೆಯ ಹಾಲುಹಲ್ಲಿನ ಹಿಂದೆ ಒಂದು ದೊಡ್ಡ ದವಡೆ ಹಲ್ಲು ಸದ್ದಿಲ್ಲದೆ ಬರುತ್ತದೆ. ಅದು ಬರಲು ಯಾವ ಹಲ್ಲೂ ಬೀಳುವುದಿಲ್ಲ, ಹಾಗಾಗಿ ಹೆಚ್ಚಿನವರು ಅದನ್ನೂ ಹಾಲುಹಲ್ಲು ಅಂತ ತಿಳಿಯುತ್ತಾರೆ. ಅದು ಸಾಯುವ ತನಕ ಇರಬೇಕಾದ ಹಲ್ಲು. ಒಂದನೇ ಕ್ಲಾಸಿನ ಮಕ್ಕಳಲ್ಲಿ ಅದೇ ಮೊದಲು ಹಾಳಾಗುವುದನ್ನು ನೋಡಿ ತುಂಬಾ ಬೇಸರವಾಗುತ್ತದೆ.

ರಾತ್ರಿಯ ಬಾಟ್ಲಿ

ನನ್ನ ಮಗನ ಹಲ್ಲು ಹಾಳಾದದ್ದು ಇದರಿಂದಲೇ. ಅವನು ಬಾಟ್ಲಿ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುತ್ತಿದ್ದ. ಹಾಲಿಗೆ ಕಲ್ಲುಸಕ್ಕರೆ ಹಾಕುತ್ತಿದ್ದೆ, ಕಲ್ಲುಸಕ್ಕರೆ ತಂಪು, ಸಾದಾ ಸಕ್ಕರೆಯಷ್ಟು ಕೆಟ್ಟದಲ್ಲ ಅಂತ ನಂಬಿ. ಹಲ್ಲಿಗೆ ಕಲ್ಲುಸಕ್ಕರೆ, ಬೆಲ್ಲ, ಜೇನು ಎಲ್ಲ ಒಂದೇ. ಬಾಯಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಸಕ್ಕರೆ ತಿಂದು ಹುಳಿ ಮಾಡುತ್ತವೆ, ಆ ಹುಳಿ ಹಲ್ಲನ್ನು ಕರಗಿಸುತ್ತದೆ. ಹಗಲಲ್ಲಿ ಎಂಜಲು ಅದನ್ನು ತೊಳೆಯುತ್ತದೆ. ನಿದ್ದೆಯಲ್ಲಿ ಎಂಜಲು ಕಡಿಮೆ, ಮಗು ನುಂಗುವುದೂ ಕಡಿಮೆ. ಹಾಲು ಮೇಲಿನ ಮುಂದಿನ ಹಲ್ಲುಗಳ ಸುತ್ತ ನಿಂತುಬಿಡುತ್ತದೆ. ಕೆಳಗಿನ ಮುಂದಿನ ಹಲ್ಲುಗಳಿಗೆ ನಾಲಿಗೆ ಹೊದಿಕೆಯ ಹಾಗೆ ಇರುತ್ತದೆ, ಅವು ಉಳಿಯುತ್ತವೆ. ಮೇಲಿನ ನಾಲ್ಕು ಕಪ್ಪಾಗಿ ಕೆಳಗಿನವು ಬೆಳ್ಳಗಿರುವ ಮಗುವನ್ನು ನೋಡಿದರೆ ಮನೆಯಲ್ಲಿ ರಾತ್ರಿ ಬಾಟ್ಲಿ ಇದೆಯಾ ಅಂತ ನಾನು ಕೇಳುತ್ತೇನೆ. ಹೆಚ್ಚಾಗಿ ಹೌದು ಅನ್ನುತ್ತಾರೆ.

ಬಿಡಿಸುವುದು ಹೇಗೆ? ಒಂದೇ ದಿನಕ್ಕೆ ನಿಲ್ಲಿಸಿದರೆ ಮನೆಯವರೆಲ್ಲ ರಾತ್ರಿ ಎದ್ದು ಕೂರಬೇಕು. ಮೊದಲು ಸಿಹಿ ನಿಲ್ಲಿಸಿ. ಆಮೇಲೆ ಮಲಗುವ ಹೊತ್ತಿನ ಬಾಟ್ಲಿಯ ಹಾಲಿಗೆ ಎರಡು ಮೂರು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ನೀರು ಜಾಸ್ತಿ ಮಾಡುತ್ತಾ ಬನ್ನಿ. ಎರಡು ವಾರದಲ್ಲಿ ಅದು ಬರೀ ನೀರಾಗುತ್ತದೆ. ಇದು 1 ವರ್ಷ ದಾಟಿದ, ಹಗಲು ಹೊಟ್ಟೆ ತುಂಬಾ ಊಟ ಮಾಡುವ ಮಕ್ಕಳಿಗೆ ಮಾತ್ರ. ಅದಕ್ಕಿಂತ ಸಣ್ಣ ಶಿಶುವಿನ ಹಾಲಿಗೆ ನೀರು ಬೆರೆಸಬೇಡಿ. ಕುಡಿಯುವ ಹಾಲನ್ನು ಊಟದ ಜೊತೆ ಲೋಟದಲ್ಲಿ ಕೊಡಿ, ಆಮೇಲೆ ಬ್ರಶ್, ಆಮೇಲೆ ನಿದ್ದೆ.

ಮೊಲೆಹಾಲಿನ ಬಗ್ಗೆ ತಾಯಂದಿರು ಹೆದರಿ ಕೇಳುತ್ತಾರೆ. ಮೊಲೆಹಾಲು ನಿಲ್ಲಿಸಬೇಡಿ. 2 ವರ್ಷ ಮತ್ತು ಅದರಾಚೆಗೂ ಕೊಡಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. 1 ವರ್ಷ ದಾಟಿ ಹಲ್ಲು ಬಂದ ಮಗು ರಾತ್ರಿಯಿಡೀ ಕುಡಿಯುತ್ತಿದ್ದರೆ, ಮಲಗುವ ಮೊದಲು ಹಲ್ಲುಜ್ಜಿ. ನಿದ್ದೆ ಬಂದ ಮೇಲೆ ಬಾಯಿಂದ ಬಿಡಿಸಿ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ.

ಉಜ್ಜುವ ಕ್ರಮ

"ಅವಳೇ ಉಜ್ಜುತ್ತಾಳೆ ಟೀಚರ್, ತುಂಬಾ ಚುರುಕು." ಚುರುಕು ಇರಬಹುದು, ಕೈ ತಿರುಗುವುದಿಲ್ಲ. 7-8 ವರ್ಷದ ತನಕ ದೊಡ್ಡವರೇ ಉಜ್ಜಬೇಕು. ಮಗು ಮೊದಲು ಉಜ್ಜಲಿ, ಆಮೇಲೆ ನೀವು.

ಮೊದಲ ಹಲ್ಲು ಕಂಡ ದಿನವೇ ಶುರು. ಅದಕ್ಕೆ ಮೊದಲು ಒದ್ದೆ ಮೆತ್ತನೆಯ ಬಟ್ಟೆಯಲ್ಲಿ ಒಸಡು ಒರೆಸಿದರೆ ಸಾಕು, ಮಗುವಿಗೆ ಬಾಯಿಗೆ ಕೈ ಹಾಕುವುದು ರೂಢಿಯಾಗುತ್ತದೆ. ತಲೆ ಸಣ್ಣದಿರುವ, ಕೂದಲು ಮೆತ್ತಗಿರುವ ಬ್ರಶ್ ತಗೊಳ್ಳಿ. ಮಗುವನ್ನು ಎದುರು ನಿಲ್ಲಿಸಿಕೊಂಡು ಉಜ್ಜಲು ಹೋದರೆ ಅದು ತಲೆ ಹಿಂದೆ ಎಳೆಯುತ್ತದೆ, ನಿಮಗೆ ಒಳಗೇನೂ ಕಾಣುವುದಿಲ್ಲ. ಚಾಪೆಯಲ್ಲಿ ಕುಳಿತು, ಮೊದಲೇ ಹೇಳಿದ ಹಾಗೆ ತೊಡೆಯ ಮೇಲೆ ತಲೆ ಇಟ್ಟು ಮಲಗಿಸಿಕೊಳ್ಳಿ.

ಮಕ್ಕಳು ಅಳುವುದಕ್ಕೆ ಒಂದು ಕಾರಣ ನನಗೆ ತಡವಾಗಿ ಗೊತ್ತಾಯಿತು. ಮೇಲ್ತುಟಿಯ ಒಳಗೆ ಮಧ್ಯದಲ್ಲಿ ತುಟಿಯನ್ನು ಒಸಡಿಗೆ ಕಟ್ಟಿದ ಹಾಗೆ ಒಂದು ತೆಳುವಾದ ಚರ್ಮದ ದಾರ ಇದೆ. ನಿಮ್ಮದನ್ನು ನಾಲಿಗೆಯಲ್ಲಿ ಮುಟ್ಟಿ ನೋಡಿ. ಬ್ರಶ್ಶಿನ ಗಟ್ಟಿ ತುದಿ ಅದಕ್ಕೆ ಬಡಿದರೆ ಜೀವ ಹೋಗುವಷ್ಟು ನೋವು. ಎಡಗೈ ತೋರುಬೆರಳನ್ನು ಆ ದಾರದ ಮೇಲೆ ಅಡ್ಡ ಇಟ್ಟು ತುಟಿ ಎತ್ತಿ ಹಿಡಿಯಿರಿ, ಬ್ರಶ್ ಬೆರಳಿಗೆ ತಾಗಲಿ. ಒಸಡಿನ ಅಂಚಿನಲ್ಲಿ ಸಣ್ಣ ಸಣ್ಣ ಸುತ್ತು ಹಾಕಿ ಉಜ್ಜಿ. ಹೊರಬದಿ, ಒಳಬದಿ, ಅಗಿಯುವ ಮೇಲ್ಭಾಗ. 2 ನಿಮಿಷ. ದಿನಕ್ಕೆ ಎರಡು ಹೊತ್ತು, ಅದರಲ್ಲೂ ರಾತ್ರಿಯದ್ದು ತಪ್ಪಿಸಲೇಬಾರದು. ಹಿಂದಿನ ಎರಡು ದವಡೆ ಹಲ್ಲು ಒಂದಕ್ಕೊಂದು ಅಂಟಿಕೊಂಡಿದ್ದರೆ ನಡುವೆ ಬ್ರಶ್ ಹೋಗುವುದಿಲ್ಲ, ರಾತ್ರಿ ಒಮ್ಮೆ ಅಲ್ಲಿಗೆ ಫ್ಲಾಸ್ ನೂಲು ಹಾಕಬೇಕು.

ಪೇಸ್ಟ್ ಬಗ್ಗೆ ಹಳೆಯ ಮಾತು ಈಗಲೂ ಓಡಾಡುತ್ತಿದೆ, ಸಣ್ಣ ಮಕ್ಕಳಿಗೆ ಫ್ಲೋರೈಡ್ ವಿಷ ಅಂತ. ನನ್ನ ಮಗ ಸಣ್ಣವನಿದ್ದಾಗ ನನಗೂ ಹಾಗೇ ಹೇಳಿದ್ದರು. 2014ರಲ್ಲಿ ಅಮೆರಿಕದ ದಂತ ವೈದ್ಯರ ಸಂಘ ಈ ಬಗ್ಗೆ ತನ್ನ ಹಳೆಯ ಸಲಹೆ ಬದಲಿಸಿತು. ಮೊದಲ ಹಲ್ಲು ಬಂದಾಗಿನಿಂದಲೇ ಫ್ಲೋರೈಡ್ ಪೇಸ್ಟ್ ಬಳಸಿ, ಅಳತೆ ಮಾತ್ರ ಹಿಡಿತದಲ್ಲಿರಲಿ ಅಂತ. 3 ವರ್ಷದವರೆಗೆ ಒಂದು ಬೆಳ್ತಿಗೆ ಅಕ್ಕಿ ಕಾಳಿನಷ್ಟು. 3ರಿಂದ 6ರವರೆಗೆ ಒಂದು ಬಟಾಣಿ ಕಾಳಿನಷ್ಟು. ಜಾಹೀರಾತಿನಲ್ಲಿ ಬ್ರಶ್ ತುಂಬಾ ಹಾವಿನ ಹಾಗೆ ಹಾಕಿ ತೋರಿಸುತ್ತಾರಲ್ವಾ, ಅಷ್ಟು ದೊಡ್ಡವರಿಗೂ ಬೇಡ. ಅಕ್ಕಿ ಕಾಳಿನಷ್ಟು ಹೊಟ್ಟೆಗೆ ಹೋದರೂ ಹೆದರಬೇಕಾಗಿಲ್ಲ. ಟ್ಯೂಬನ್ನು ಮಾತ್ರ ಮಗುವಿನ ಕೈಗೆ ಸಿಗದ ಹಾಗೆ ಇಡಿ. ಕೊಳ್ಳುವಾಗ ಕಾರ್ಟೂನ್ ಚಿತ್ರ ನೋಡಬೇಡಿ, ಹಿಂದೆ ಸಣ್ಣ ಅಕ್ಷರದಲ್ಲಿ ಫ್ಲೋರೈಡ್ ಎಷ್ಟಿದೆ ಅನ್ನುವ ಅಳತೆ ಪಿಪಿಎಂ ಅಂತ ಬರೆದಿರುತ್ತದೆ, 1000ದ ಆಸುಪಾಸು ಇದೆಯಾ ನೋಡಿ. ಮಕ್ಕಳ ಪೇಸ್ಟ್ ಅಂತ ಮಾರುವ ಕೆಲವದರಲ್ಲಿ ಫ್ಲೋರೈಡೇ ಇರುವುದಿಲ್ಲ. ಬಾವಿ, ಬೋರ್‌ವೆಲ್ ನೀರಿನಲ್ಲೇ ಫ್ಲೋರೈಡ್ ಜಾಸ್ತಿ ಇರುವ ಊರಿನವರು ವೈದ್ಯರನ್ನು ಕೇಳಿ ಆರಿಸಿ. ಉಜ್ಜಿದ ಮೇಲೆ ಉಗುಳಿದರೆ ಸಾಕು. ನೀರು ಹಾಕಿ ಮುಕ್ಕಳಿಸಿದರೆ ಹಲ್ಲಿಗೆ ಬೇಕಾದ ಮದ್ದೆಲ್ಲ ತೊಳೆದು ಹೋಗುತ್ತದೆ.

ಉಮಿಕರಿಯ ಬಗ್ಗೆ ಅಜ್ಜಿಯಂದಿರಿಗೆ ಬೇಸರವಾಗದ ಹಾಗೆ ಹೇಳುತ್ತೇನೆ. ಭತ್ತದ ಉಮಿ ಸುಟ್ಟ ಕರಿಗೆ ಉಪ್ಪು ಸೇರಿಸಿ ಉಜ್ಜಿ ಅವರು ಎಂಬತ್ತು ವರ್ಷ ಬಾಳಿದ್ದಾರೆ, ಹೌದು. ಅವರ ಬಾಲ್ಯದಲ್ಲಿ ದಿನಕ್ಕೆ ಹತ್ತು ಸಲ ಬಿಸ್ಕೆಟ್ ಇರಲಿಲ್ಲ. ಉಮಿಕರಿಯನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿ, ಮರಳಿನ ಹಾಗೆ ತರಿ ತರಿ ಸಿಗುತ್ತದೆ. ತೆಳು ಹೊದಿಕೆಯ ಹಾಲುಹಲ್ಲನ್ನು ಅದು ಸವೆಸುತ್ತದೆ. ಮಾವಿನೆಲೆಯೂ ಅಷ್ಟೇ, ಮೂಲೆಯ ಹಲ್ಲಿಗೆ ಮುಟ್ಟುವುದಿಲ್ಲ.

ಎಷ್ಟು ತಿಂತಾನೆ ಅಲ್ಲ, ಎಷ್ಟು ಸಲ

ಸಿಹಿ ಬಾಯಿಗೆ ಬಿದ್ದಾಗಲೆಲ್ಲ ಸುಮಾರು ಅರ್ಧ ಗಂಟೆ ಹಲ್ಲಿನ ಮೇಲೆ ಹುಳಿ ಇರುತ್ತದೆ. ಒಂದು ಪ್ಯಾಕೆಟ್ ಬಿಸ್ಕೆಟ್ಟನ್ನು ನಾಲ್ಕು ಗಂಟೆಯ ಚಾದ ಜೊತೆ ಒಂದೇ ಸಲ ತಿಂದು ಮುಗಿಸಿದರೆ ಹಲ್ಲಿಗೆ ಒಂದೇ ಏಟು. ಅದನ್ನೇ ಒಂದೊಂದಾಗಿ ಬೆಳಗಿನಿಂದ ಸಂಜೆವರೆಗೆ ಜಗಿಯುತ್ತಾ ಇದ್ದರೆ ಹತ್ತು ಏಟು. ಅಜ್ಜ ಪೇಟೆಯಿಂದ ಬರುವಾಗ ಕಿಸೆಯಲ್ಲಿ ಮಿಠಾಯಿ ತರುತ್ತಾರೆ, ಬೇಡ ಅನ್ನಲು ನನಗೂ ಮನಸ್ಸು ಬರುವುದಿಲ್ಲ. ಊಟ ಆದ ತಕ್ಷಣ ಕೊಡಿ, ಆಮೇಲೆ ನೀರು ಕುಡಿಸಿ. ಹಲ್ಲಿಗೆ ಅಂಟುವ ತಿಂಡಿಗಳ ಮೇಲೆ ಮಾತ್ರ ಕಣ್ಣಿರಲಿ. ಬಾಳೆಹಣ್ಣಿನ ಹಲ್ವ, ಬಿಸ್ಕೆಟ್ ಹಿಟ್ಟು, ಚಿಪ್ಸ್ ದವಡೆ ಹಲ್ಲಿನ ಗೆರೆಯಲ್ಲಿ ಕೂತುಬಿಡುತ್ತವೆ. ಉಪ್ಪಿನ ಚಿಪ್ಸ್ ಆದ್ದರಿಂದ ಪರವಾಗಿಲ್ಲ ಅನ್ನುವುದು ತಪ್ಪು, ಅದರ ಹಿಟ್ಟೂ ಬಾಯಲ್ಲಿ ಸಕ್ಕರೆಯಾಗುತ್ತದೆ. ನಾವು ಅಂಗನವಾಡಿಯಿಂದ ಸಣ್ಣ ಮಕ್ಕಳಿಗೆ ಕೊಡುವ ಅಮೃತಂ ಅನ್ನುವ ಪೌಷ್ಟಿಕ ಪುಡಿಯಲ್ಲಿಯೂ ಸಕ್ಕರೆ ಇದೆ. ಒಳ್ಳೆಯ ಆಹಾರ, ಖಂಡಿತ ಕೊಡಿ. ಮಲಗುವ ಹೊತ್ತಿಗೆ ಅದನ್ನು ತಿನ್ನಿಸಿ ಹಾಗೇ ಮಲಗಿಸಬೇಡಿ. ಕೆಮ್ಮಿನ ಸಿರಪ್ಪಿಗೂ ಇದೇ ಮಾತು.

ಹಲ್ಲಿನಲ್ಲಿ ಹುಳ ಇಲ್ಲ

ನಮ್ಮ ಕಡೆ ಹಲ್ಲಿನ ಹುಳ ತೆಗೆಸುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಚಿಕ್ಕವಳಿದ್ದಾಗ ನಾನೇ ನೋಡಿದ್ದೇನೆ. ಕೆಂಪಗೆ ಕಾಯಿಸಿದ ಕಬ್ಬಿಣದ ಮೇಲೆ ಎಣ್ಣೆ ಬಿಟ್ಟು, ಕಾಡುಗುಳ್ಳದ ಬೀಜ ಹಾಕಿ, ಪಪ್ಪಾಯಿ ಎಲೆಯ ಕೊಳವೆಯಲ್ಲಿ ಹೊಗೆಯನ್ನು ಬಾಯಿಗೆ ಬಿಡುವುದು. ಕೆಳಗಿಟ್ಟ ನೀರಿನ ಪಾತ್ರೆಯಲ್ಲಿ ಬಿಳಿ ಎಳೆಗಳು ತೇಲುತ್ತಿದ್ದವು, ಅದನ್ನೇ ಹುಳ ಅಂತ ತೋರಿಸಿದರು. ಬೀಜ ಬಿಸಿಗೆ ಸಿಡಿದಾಗ ಅದರೊಳಗಿನ ಎಳೆ ಮೊಳಕೆ ಹೊರಗೆ ಬರುತ್ತದೆ, ನೀರಿನಲ್ಲಿ ತೇಲುವುದು ಅದು. ಹೊಗೆಯಿಂದ ಸ್ವಲ್ಪ ಹೊತ್ತು ನೋವು ಕಡಿಮೆ ಅನ್ನಿಸಬಹುದು, ಗುಂಡಿ ಮಾತ್ರ ಹಾಗೇ ಇರುತ್ತದೆ. ಮಗುವಿನ ಬಾಯಿ ಸುಟ್ಟರೆ ಅದು ಇನ್ನೊಂದು ಸಂಕಟ. ಲವಂಗದ ಎಣ್ಣೆಯನ್ನೂ ಸಣ್ಣ ಮಕ್ಕಳ ಬಾಯಿಗೆ ಹಾಕಬೇಡಿ. ಒಸಡು ಸುಡುತ್ತದೆ, ಹೊಟ್ಟೆಗೆ ಹೋದರೆ ಅಪಾಯ.

ಹಲ್ಲು ಬರುವ ಜ್ವರ, ಕಪ್ಪು ಕಲೆ, ಮೇಲಿನ ಹಲ್ಲು

ಹಲ್ಲು ಬರುವಾಗ ಜೊಲ್ಲು ಸುರಿಯುತ್ತದೆ, ಮಗು ಕಿರಿಕಿರಿ ಮಾಡುತ್ತದೆ, ಮೈ ಸ್ವಲ್ಪ ಬೆಚ್ಚಗಾಗಬಹುದು. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರ, ನೀರಿನಂತಹ ಭೇದಿ, ಇವು ಹಲ್ಲಿನಿಂದ ಬರುವುದಿಲ್ಲ. ಹಲ್ಲು ಬರುವ 6 ತಿಂಗಳ ಹೊತ್ತಿಗೇ ತಾಯಿಯಿಂದ ಬಂದ ರಕ್ಷಣೆ ಕಡಿಮೆಯಾಗುತ್ತದೆ, ಮಗು ನೆಲದಲ್ಲಿ ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತದೆ. ಕಾಯಿಲೆ ಬರುವುದು ಹಾಗೆ. "ಹಲ್ಲಿನ ಭೇದಿ, ತಾನೇ ನಿಲ್ಲುತ್ತದೆ" ಅಂತ ಕಾಯಬೇಡಿ, ಓಆರ್‌ಎಸ್ ಕೊಡುತ್ತಾ ಡಾಕ್ಟರಿಗೆ ತೋರಿಸಿ. ಒಸಡಿಗೆ ಜೇನು ಹಚ್ಚುವುದೂ ಬೇಡ, 1 ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು. ಮರಗಟ್ಟಿಸುವ ಜೆಲ್ ಸಹ ಬೇಡ. ತಣ್ಣಗಿನ ಒದ್ದೆ ಬಟ್ಟೆ ಕಚ್ಚಲು ಕೊಡಿ, ಶುಚಿಯಾದ ಬೆರಳಲ್ಲಿ ಒಸಡು ತಿಕ್ಕಿ.

ಕಬ್ಬಿಣದ ಸಿರಪ್ ಕುಡಿಯುವ ಮಕ್ಕಳ ಹಲ್ಲಿನ ಮೇಲೆ ಕಪ್ಪು ಬರುತ್ತದೆ. ಅದು ಬರೀ ಮೇಲಿನ ಕಲೆ, ಹುಳುಕಲ್ಲ, ವೈದ್ಯರು ಉಜ್ಜಿ ತೆಗೆಯುತ್ತಾರೆ. ಅದಕ್ಕೆ ಹೆದರಿ ಸಿರಪ್ ನಿಲ್ಲಿಸಬೇಡಿ. ಇನ್ನು ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗುವುದಿಲ್ಲ ಅನ್ನುವ ಮಾತು. ಹೆಚ್ಚಿನ ಮಕ್ಕಳಿಗೆ ಕೆಳಗಿನದು ಮೊದಲು ಬರುತ್ತದೆ, ಕೆಲವರಿಗೆ ಮೇಲಿನದು. ಎರಡೂ ಸಹಜ. ಇದಕ್ಕಾಗಿ ಒಬ್ಬಳು ತಾಯಿ ತವರಿಗೆ ಹೋಗಲು ಹಿಂಜರಿದು ಕಣ್ಣೀರು ಹಾಕಿದ್ದು ನನಗೆ ಇನ್ನೂ ಮರೆತಿಲ್ಲ.

ವೈದ್ಯರ ಹತ್ತಿರ

ಮೊದಲ ಭೇಟಿ ನೋವು ಬಂದ ಮೇಲೆ ಅಲ್ಲ, 1 ವರ್ಷ ತುಂಬುವ ಹೊತ್ತಿಗೆ. ಆಗ ಅವರು ನೋಡಿ, ಹೇಳಿ ಕಳಿಸುತ್ತಾರೆ ಅಷ್ಟೇ, ಮಗುವಿಗೆ ಹೆದರಿಕೆ ಕೂರುವುದಿಲ್ಲ. ಮಕ್ಕಳ ಹಲ್ಲಿಗೆಂದೇ ಓದಿದ ವೈದ್ಯರು ಬೇರೆ ಇರುತ್ತಾರೆ. ದಂತ ಕಾಲೇಜುಗಳಲ್ಲಿ ಅದಕ್ಕೆ ಪ್ರತ್ಯೇಕ ವಿಭಾಗ ಇರುತ್ತದೆ. ನಮ್ಮ ಜಿಲ್ಲೆಯಲ್ಲಿ ಪೊಯಿನಾಚಿಯಲ್ಲಿ ಒಂದು ದಂತ ಕಾಲೇಜಿದೆ, ಗಡಿ ದಾಟಿದರೆ ದೇರಳಕಟ್ಟೆ, ಮಂಗಳೂರಿನಲ್ಲಿ ಇವೆ. "ಹಲ್ಲು ಕೀಳ್ತಾರೆ ನೋಡು" ಅಂತ ಮನೆಯಲ್ಲಿ ಮಗುವನ್ನು ಹೆದರಿಸಬೇಡಿ. ಆಮೇಲೆ ಕರೆದುಕೊಂಡು ಹೋಗುವುದು ನೀವೇ ಅಲ್ವಾ?

ಕೆನ್ನೆ ಅಥವಾ ತುಟಿ ಊದಿ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ಬಿಸಿ ಶಾಖ ಕೊಡಬೇಡಿ. ಒಸಡಿನ ಮೇಲೆ ಕೀವಿನ ಗುಳ್ಳೆ ಎದ್ದು ಒಡೆದರೆ ನೋವು ನಿಲ್ಲುತ್ತದೆ, ಗುಣವಾಯಿತು ಅಂತ ಅರ್ಥ ಅಲ್ಲ. ಬಿದ್ದು ಹಾಲುಹಲ್ಲು ಪೂರ್ತಿ ಕಿತ್ತು ಬಂದರೆ ವಾಪಸು ಸಿಕ್ಕಿಸಬೇಡಿ, ಒಳಗಿನ ಹಲ್ಲಿಗೆ ಪೆಟ್ಟಾಗುತ್ತದೆ. ಹಾಲುಹಲ್ಲು ಬಿದ್ದ ಮೇಲೆ ಬಂದ ಶಾಶ್ವತ ಹಲ್ಲು ಕಿತ್ತು ಬಂದರೆ ಬೇರು ಮುಟ್ಟದೆ ಎತ್ತಿ, ಹಾಲಿನಲ್ಲಿ ಹಾಕಿಕೊಂಡು ಅರ್ಧ ಗಂಟೆಯೊಳಗೆ ವೈದ್ಯರಲ್ಲಿಗೆ ತಲುಪಲು ನೋಡಿ.

ಈ ಮಳೆಗಾಲದ ಶುರುವಿನಲ್ಲಿ ಅಮೃತಂ ಪುಡಿಗೆ ಬಂದ ಒಬ್ಬಳು ತಾಯಿಯ ಸೊಂಟದಲ್ಲಿ ಒಂದೂವರೆ ವರ್ಷದ ಹುಡುಗಿ ಇದ್ದಳು. ತುಟಿ ಎತ್ತಿದೆ. ಅದೇ ಗೆರೆ, ನನ್ನ ಮಗನ ಹಲ್ಲಲ್ಲಿ ನೋಡಿದ್ದೇ. ತಾಯಿಯ ಕೈಯಿಂದಲೇ ಬಟ್ಟೆಯಲ್ಲಿ ಒರೆಸಿಸಿದೆ, ಹೋಗಲಿಲ್ಲ. ಆ ವಾರವೇ ವಾರ್ನಿಶ್ ಹಾಕಿಸಿದಳು, ರಾತ್ರಿಯ ಬಾಟ್ಲಿಯನ್ನು ಹದಿನೆಂಟು ದಿನದಲ್ಲಿ ಬಿಡಿಸಿದಳು. ಮೊನ್ನೆ ಮತ್ತೆ ಬಂದಿದ್ದಳು. ಗೆರೆ ಅಲ್ಲೇ ಇದೆ, ಕಂದು ಆಗಿಲ್ಲ. ಸೀಮೆಸುಣ್ಣದ ಹಾಗೆ ಮಂಕಾಗಿದ್ದದ್ದು ಈಗ ಹೊಳೆಯುತ್ತಿದೆ, ಉಗುರು ತಾಗಿಸಿದರೆ ನುಣುಪು.